ಹುದ್ದೆಯೊಂದೇ ಸಾಲದು, ಅಧಿಕಾರವೂ ಬೇಕು

ಬೆಂಗಳೂರು: ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ‘ಸರ್ವರ್ ಡೌನ್’ ಎಂಬ ಉತ್ತರ ಪಡೆದು ಮನೆಗೆ ಮರಳುವ ನಾಗರಿಕನಿಗೆ ದೂರನ್ನು ಯಾರಲ್ಲಿ ಹೇಳಿಕೊಳ್ಳಬೇಕೆಂಬುದೇ ತಿಳಿಯುವುದಿಲ್ಲ. ನೋಂದಣಿಯ ‘ಕಾವೇರಿ’ ತಂತ್ರಾಂಶ ನೋಂದಣಿ ಮತ್ತು ಮುದ್ರಾಂಕ ಇಲಾಖೆಯದು. ಪಹಣಿ ನೀಡುವ ‘ಭೂಮಿ’ ಕಂದಾಯ ಇಲಾಖೆಯದು. ಪಂಚಾಯಿತಿ ವ್ಯಾಪ್ತಿಯ ‘ಇ-ಸ್ವತ್ತು’ ಗ್ರಾಮೀಣಾಭಿವೃದ್ಧಿ ಇಲಾಖೆಗೆ, ಪಟ್ಟಣಗಳ ‘ಇ-ಆಸ್ತಿ’ ನಗರಾಡಳಿತಕ್ಕೆ ಸೇರಿವೆ. 2024ರ ಅಕ್ಟೋಬರ್‌ನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಬಳಿಕ ಇವುಗಳಲ್ಲಿ ಒಂದು ಕುಂಟಿದರೂ ನೋಂದಣಿ ನಿಲ್ಲುತ್ತದೆ. 2025ರ ಆರಂಭದಲ್ಲಿ ‘ಕಾವೇರಿ 2.0’ ಮೇಲೆ ನಡೆದ ಸೈಬರ್ ದಾಳಿಯಿಂದ ನೋಂದಣಿ ಕಾರ್ಯ ಅಸ್ತವ್ಯಸ್ತಗೊಂಡಾಗ ಜನರು ಇದನ್ನು ಕಣ್ಣಾರೆ ಕಂಡರು.

ಈ ಹಿನ್ನೆಲೆಯಲ್ಲಿ ಮುಖ್ಯ ಮಾಹಿತಿ ಅಧಿಕಾರಿಯ (ಸಿಐಒ) ಪಾತ್ರ ಚರ್ಚೆಗೆ ಅರ್ಹವಾಗಿದೆ. ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿಗೆ ಉತ್ತರಿಸುವ ಅಧಿಕಾರಿ ಇವರಲ್ಲ. ಇಲಾಖೆಯ ಗಣಕ ವ್ಯವಸ್ಥೆ, ದತ್ತಾಂಶ, ಅದಕ್ಕೆ ತಗಲುವ ವೆಚ್ಚ ಹಾಗೂ ಅದರ ಭದ್ರತೆಗೆ ಹೊಣೆಗಾರರಾದವರು. ಬ್ಯಾಂಕು, ಕಂಪನಿಗಳಲ್ಲಿ ಈ ಹುದ್ದೆ ಹಳೆಯದು. ಸರ್ಕಾರದಲ್ಲಿ ಇದಕ್ಕೆ ಎಷ್ಟು ಬಲವಿರಬೇಕು ಎಂಬುದೇ ಪ್ರಶ್ನೆ.

ಅಮೆರಿಕದ ಅನುಭವ ಇಲ್ಲಿ ಪಾಠವಾಗಬಲ್ಲದು. 1996ರ ಕ್ಲಿಂಗರ್-ಕೋಹೆನ್ ಕಾಯ್ದೆಯು ಅಲ್ಲಿನ ಪ್ರಮುಖ ಕೇಂದ್ರೀಯ ಇಲಾಖೆಗಳಲ್ಲಿ ಸಿಐಒ ಹುದ್ದೆಯನ್ನು ಕಡ್ಡಾಯಗೊಳಿಸಿತು. 2009ರಲ್ಲಿ ಭಾರತ ಮೂಲದ ವಿವೇಕ್ ಕುಂದ್ರಾ ಇಡೀ ಕೇಂದ್ರ ಸರ್ಕಾರದ ಮೊದಲ ಸಿಐಒ ಆಗಿ ನೇಮಕಗೊಂಡರು. ಇಷ್ಟಾದರೂ 2013ರ ಅಕ್ಟೋಬರ್ 1ರಂದು ಆರಂಭವಾದ ಆರೋಗ್ಯ ವಿಮೆಯ ಜಾಲತಾಣ ‘ಹೆಲ್ತ್‌ಕೇರ್.ಗವ್’ ಮೊದಲ ದಿನವೇ ಕುಸಿಯಿತು. ಅಂದು ನೋಂದಣಿ ಪೂರ್ಣಗೊಳಿಸಿದವರು ಕೇವಲ 6 ಮಂದಿ. ಹಲವು ಗುತ್ತಿಗೆದಾರರು ದುಡಿದಿದ್ದ ಆ ಯೋಜನೆಗೆ ಸ್ಪಷ್ಟ ನಾಯಕತ್ವವೇ ಇರಲಿಲ್ಲ ಎಂಬುದನ್ನು ನಂತರದ ಸರ್ಕಾರಿ ತನಿಖೆ ಗುರುತಿಸಿತು. 2014ರಲ್ಲಿ ಅಮೆರಿಕ ಸಂಸತ್ತು ಇನ್ನೊಂದು ಕಾಯ್ದೆ ತಂದು, ತಂತ್ರಜ್ಞಾನದ ಬಜೆಟ್ ಮತ್ತು ಗುತ್ತಿಗೆಗಳಿಗೆ ಸಿಐಒ ಒಪ್ಪಿಗೆ ಅಗತ್ಯವೆಂದಿತು. ಹುದ್ದೆ ಸೃಷ್ಟಿಯಾಗಿ 18 ವರ್ಷಗಳ ಬಳಿಕ ಅದಕ್ಕೆ ಹಣಕಾಸಿನ ಹಿಡಿತ ದೊರೆಯಿತು.

ಅಧಿಕಾರವಿದ್ದರೆ ಏನಾಗಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ಈ ಶತಮಾನದ ಆರಂಭದಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ನೇತೃತ್ವದಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಕೈಸೇರತೊಡಗಿತು. ತಂತ್ರಾಂಶ ರೂಪಿಸಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರವಾದರೂ (ಎನ್‌ಐಸಿ), ಯೋಜನೆಯನ್ನು ಗೆಲ್ಲಿಸಿದ್ದು ಆಡಳಿತಾತ್ಮಕ ತೀರ್ಮಾನಗಳು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಾಯಿತು. ನೌಕರರು ಬೆರಳಚ್ಚು ನೀಡಿಯೇ ಗಣಕಯಂತ್ರ ಬಳಸಬೇಕಾಯಿತು. ಇವು ತಂತ್ರಜ್ಞರ ಕೈಯಲ್ಲಿರುವ ನಿರ್ಧಾರಗಳಲ್ಲ. ಇಲಾಖೆಯೊಳಗೆ ಆದೇಶ ಹೊರಡಿಸಬಲ್ಲವರಿಂದ ಮಾತ್ರ ಸಾಧ್ಯವಾದವು.

ಆದರೆ ‘ಭೂಮಿ’ ಒಂದೇ ಇಲಾಖೆಯ ಕೆಲಸವಾಗಿತ್ತು. ಇಂದಿನ ಸೇವೆಗಳು ಹಲವು ಇಲಾಖೆಗಳ ದತ್ತಾಂಶವನ್ನು ಅವಲಂಬಿಸಿವೆ. ಒಬ್ಬ ದಕ್ಷ ಅಧಿಕಾರಿಯ ಉತ್ಸಾಹವನ್ನೇ ನಂಬಿಕೊಂಡರೆ, ಅವರ ವರ್ಗಾವಣೆಯೊಂದಿಗೆ ಯೋಜನೆಯ ನೆನಪೂ ಹೊರಟುಹೋಗುತ್ತದೆ. ಉಳಿಯುವುದು ಗುತ್ತಿಗೆದಾರ ಸಂಸ್ಥೆಗಷ್ಟೇ ಅರ್ಥವಾಗುವ ತಂತ್ರಾಂಶ.

ಹೊಣೆಗಾರಿಕೆಯಲ್ಲೂ ಅಸಮತೋಲನವಿದೆ. 2011ರ ‘ಸಕಾಲ’ ಕಾಯ್ದೆಯ ಪ್ರಕಾರ ಸೇವೆ ವಿಳಂಬವಾದರೆ ನಾಗರಿಕನಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಸಲ್ಲಬೇಕು. ಅದರ ಹೊರೆ ಬೀಳುವುದು ಕಡತ ನೋಡುವ ಅಧಿಕಾರಿಯ ಮೇಲೆ. ಸರ್ವರ್ ಕೈಕೊಟ್ಟು ವಿಳಂಬವಾದರೆ ಅದಕ್ಕೆ ಉತ್ತರದಾಯಿ ಯಾರು? ಕೌಂಟರಿನಲ್ಲಿ ಕುಳಿತವರೇ ಜನರ ಸಿಟ್ಟಿಗೆ ಗುರಿಯಾಗುತ್ತಾರೆ. ತಂತ್ರಾಂಶ ಖರೀದಿಸಿದವರು, ಅದರ ಸಾಮರ್ಥ್ಯ ಪರೀಕ್ಷಿಸದೆ ಚಾಲನೆ ನೀಡಿದವರು ತೆರೆಮರೆಯಲ್ಲಿರುತ್ತಾರೆ.

ಎಲ್ಲ ಅಧಿಕಾರವನ್ನೂ ಒಬ್ಬರ ಕೈಗೆ ಕೊಡುವುದರಲ್ಲಿ ಅಪಾಯವಿಲ್ಲದಿಲ್ಲ. ಪ್ರತಿ ಸಣ್ಣ ಬದಲಾವಣೆಯೂ ರಾಜಧಾನಿಯ ಒಪ್ಪಿಗೆಗೆ ಕಾಯುವಂತಾದರೆ ವಿಳಂಬ ಇನ್ನಷ್ಟು ಹೆಚ್ಚುತ್ತದೆ. ಇಲಾಖೆಗಳ ದತ್ತಾಂಶ ಬೆಸೆದಷ್ಟೂ ಖಾಸಗಿತನದ ಪ್ರಶ್ನೆ ಎದುರಾಗುತ್ತದೆ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದ ನಂತರ ಈ ಎಚ್ಚರ ಮತ್ತಷ್ಟು ಅಗತ್ಯ.

ಆದ್ದರಿಂದ ಬೇಕಿರುವುದು ಮಿತಿಯುಳ್ಳ, ಆದರೆ ಸ್ಪಷ್ಟವಾದ ಅಧಿಕಾರ: ನಿಗದಿತ ಅವಧಿ, ಟೆಂಡರ್ ಷರತ್ತುಗಳಲ್ಲಿ ನಿರ್ಣಾಯಕ ಮಾತು, ಸಿದ್ಧವಾಗದ ಸೇವೆಯ ಉದ್ಘಾಟನೆಯನ್ನು ಮುಂದೂಡುವ ಹಕ್ಕು. ಜತೆಗೆ, ಸೇವೆ ಎಷ್ಟು ಹೊತ್ತು ಸ್ಥಗಿತಗೊಂಡಿತ್ತು ಎಂಬುದನ್ನು ಪ್ರತಿ ತಿಂಗಳು ಬಹಿರಂಗಪಡಿಸುವ ಹೊಣೆ. ಇವಿಲ್ಲದೆ ಎಷ್ಟು ಹುದ್ದೆ ಸೃಷ್ಟಿಸಿದರೂ, ರಜೆ ಹಾಕಿ ನೋಂದಣಿಗೆ ಬಂದವರು ಬರಿಗೈಯಲ್ಲಿ ಹಿಂದಿರುಗುವುದು ತಪ್ಪದು.