ನಾಲ್ಕು ಅಂಚು ನಿಮ್ಮದು, ನಡುವಿನ ಹೊಟ್ಟೆ ಯಾರದು?

ಕನ್ನಡದ ತರುಣ ಮಿತ್ರರೇ,

ನಿಮ್ಮಲ್ಲಿ ಎಷ್ಟೋ ಮಂದಿ ಐಟಿಐ, ಡಿಪ್ಲೊಮಾ ಮುಗಿಸಿ, ಮನೆಯಲ್ಲಿ ಕಾಡಿ ಬೇಡಿ ದುಡ್ಡು ತಂದು ಕ್ಯಾಡ್ ಕೋರ್ಸ್ ಸೇರಿದವರು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಜಿಗಣಿಯಲ್ಲೋ ದಿನಕ್ಕೆ ಹತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂರುವವರು. ನಿಮಗೊಂದು ಪ್ರಶ್ನೆ. ತೆರೆಯ ಮೇಲೆ ನಾಲ್ಕು ಬಾಗಿದ ಗೆರೆ ಎಳೆಯುತ್ತೀರಿ. ತುದಿಗೆ ತುದಿ ಕೂಡಿಸುತ್ತೀರಿ. ಒಂದು ಕಮ್ಯಾಂಡ್ ಕೊಡುತ್ತೀರಿ. ಕಣ್ಣು ಮಿಟುಕಿಸುವಷ್ಟರಲ್ಲಿ ನಡುವಿನ ಖಾಲಿ ಜಾಗ ತುಂಬಿ ಹೊಳೆಯುವ ಸರ್ಫೇಸ್ ಬಂದು ಕೂರುತ್ತದೆ. ಅಂಚಿನ ಗೆರೆ ಎಳೆದದ್ದು ನೀವು, ಒಪ್ಪಿದೆ. ನಡುವಿನ ಹೊಟ್ಟೆ ಎಷ್ಟು ಉಬ್ಬಬೇಕು ಎಂದು ತೀರ್ಮಾನಿಸಿದವರು ಯಾರು?

“ಅದು ಸಾಫ್ಟ್‌ವೇರ್ ಮಾಡುತ್ತೆ ಬಿಡಿ ಸಾರ್.” ಈ ಉತ್ತರ ಕೇಳಿ ಕೇಳಿ ರೋಸಿಹೋಗಿದ್ದೇನೆ. ಬೈಯುವ ಹಕ್ಕು ನನಗೆ ಪೂರ್ತಿ ಇಲ್ಲ ಅನ್ನಿ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾನೂ ಅದನ್ನೇ ಹೇಳಿ ಪೆಟ್ಟು ತಿಂದವನು. ಆ ಕಥೆ ಆಮೇಲೆ. ಮೊದಲು ಲೆಕ್ಕ. ಹೆದರಬೇಡಿ, ಕೂಡುವುದು ಕಳೆಯುವುದು ಬಂದರೆ ಸಾಕು.

ಒಂದು ಶಾಮಿಯಾನ ಹಾಕಬೇಕು ಎಂದುಕೊಳ್ಳಿ. ಚೌಕದ ನಾಲ್ಕು ಮೂಲೆಗೆ ನಾಲ್ಕು ಕಂಬ, ಒಂದೊಂದೂ 10 ಅಡಿ. ಪೂರ್ವದ ಎರಡು ಕಂಬಗಳ ತಲೆಯಿಂದ ತಲೆಗೆ ಕಮಾನಿನಂತೆ ಬಗ್ಗಿಸಿದ ಪೈಪು. ಅದರ ನಡುವಿನ ಎತ್ತರ 14 ಅಡಿ. ಪಶ್ಚಿಮಕ್ಕೂ ಅಂಥದ್ದೇ. ಉತ್ತರ, ದಕ್ಷಿಣದ ಪೈಪುಗಳು ಕೊಂಚ ಕಡಿಮೆ ಬಾಗಿದವು, ನಡುವೆ 12 ಅಡಿ. ನಾಲ್ಕೂ ಅಂಚು ಗೊತ್ತಾಯಿತು. ಶಾಮಿಯಾನದ ನಟ್ಟನಡುವೆ ಎಷ್ಟು ಎತ್ತರ?

ಹೀಗೆ ಮಾಡಿ. ಪೂರ್ವದ ಪೈಪಿನಿಂದ ಪಶ್ಚಿಮದ ಪೈಪಿಗೆ ಸಾಲಾಗಿ ಹಗ್ಗ ಬಿಗಿಯಿರಿ, ನಮ್ಮ ಹಗ್ಗದ ಮಂಚಕ್ಕೆ ಎಳೆಯುವಂತೆ. ನಡುವಿನ ಹಗ್ಗ 14 ಅಡಿಯಲ್ಲಿ ಓಡುತ್ತದೆ. ಇದು ಒಂದು ಮೇಲ್ಮೈ. ಅದನ್ನು ಬಿಚ್ಚಿ, ಉತ್ತರದಿಂದ ದಕ್ಷಿಣಕ್ಕೆ ಬಿಗಿಯಿರಿ. ನಡುವೆ 12 ಅಡಿ. ಇದು ಎರಡನೆಯ ಮೇಲ್ಮೈ. ಮೊದಲನೆಯದು ಎರಡು ಪೈಪಿಗೆ ಮಾತ್ರ ನಿಷ್ಠೆ ತೋರಿಸಿತು, ಎರಡನೆಯದು ಉಳಿದೆರಡಕ್ಕೆ. ನಮಗೆ ನಾಲ್ಕೂ ಬೇಕು. ಎರಡನ್ನೂ ಕೂಡಿಸಿ: 26 ಅಡಿ. ಇದೇನು ತಮಾಷೆ? ಕಂಬದ ಎತ್ತರ ಎರಡು ಸಲ ಲೆಕ್ಕಕ್ಕೆ ಬಂದುಬಿಟ್ಟಿತಲ್ಲ! ಆದ್ದರಿಂದ ನಾಲ್ಕು ಮೂಲೆಗಳನ್ನಷ್ಟೇ ನಂಬಿ ಹಾಸಿದ ಸಾದಾ ಮೇಲ್ಮೈಯನ್ನು, ಅಂದರೆ ಇಲ್ಲಿ 10 ಅಡಿಯನ್ನು, ಕಳೆಯಿರಿ. ಉಳಿದದ್ದು 16 ಅಡಿ.

ಅನುಮಾನ ಇದ್ದರೆ ಇದೇ ಲೆಕ್ಕವನ್ನು ಪೂರ್ವದ ಪೈಪಿನ ಮೇಲೇ ಹಾಕಿ. ಪೈಪಿನ ನಡುವೆ ಮೊದಲ ಹಗ್ಗ 14 ಎನ್ನುತ್ತದೆ. ಎರಡನೆಯದು ಅಲ್ಲಿ ಕಂಬದಿಂದ ಕಂಬಕ್ಕೆ ನೇರ ಹೋಗುವುದರಿಂದ 10 ಎನ್ನುತ್ತದೆ. ಮೂಲೆಯ ಲೆಕ್ಕ 10. ಹದಿನಾಲ್ಕಕ್ಕೆ ಹತ್ತು ಕೂಡಿಸಿ ಹತ್ತು ಕಳೆದರೆ 14. ಅಂಚು ಅಂಚಿನಲ್ಲೇ ಕೂತಿತು! ಬೇರೆ ಜಾಗಗಳಲ್ಲೂ ಇದೇ ಲೆಕ್ಕ; ಯಾವ ಪೈಪು ಹತ್ತಿರವೋ ಅದಕ್ಕೆ ಹೆಚ್ಚು ಪಾಲು, ದೂರದ್ದಕ್ಕೆ ಕಡಿಮೆ ಪಾಲು.

ಇದಕ್ಕೆ ಕೂನ್ಸ್ ಪ್ಯಾಚ್ ಎಂದು ಹೆಸರು. ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕನಾಗಿದ್ದ ಸ್ಟೀವನ್ ಕೂನ್ಸ್ 1967ರಲ್ಲಿ ಒಂದು ವರದಿಯಾಗಿ ಇದನ್ನು ಹೊರತಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಕಂಪನಿಯಲ್ಲಿ ಮೈ ತಿದ್ದುವ ಕೆಲಸ ಮಾಡಿದ್ದ ಮನುಷ್ಯ. ಆಟೋಕ್ಯಾಡ್‌ನಲ್ಲಿ ನೀವು ಎಡ್ಜ್‌ಸರ್ಫ್ ಎಂದು ಹೊಡೆದಾಗ ಬರುವ ಜಾಲರಿ ಇದೇ ಲೆಕ್ಕದ್ದು. ನಾಲ್ಕು ಅಂಚಿನ ತುದಿಗಳು ಒಂದಕ್ಕೊಂದು ಮುಟ್ಟದಿದ್ದರೆ ಅದು ಯಾಕೆ ಹಟ ಹಿಡಿಯುತ್ತದೆ ಎಂದು ಈಗ ಗೊತ್ತಾಯಿತೇ? ಮೂಲೆಯೇ ಇಲ್ಲದಿದ್ದರೆ ಕಳೆಯುವುದೇನನ್ನು!

ಈಗ ಅಸಲಿ ವಿಷಯಕ್ಕೆ ಬನ್ನಿ. ಅಂಚುಗಳಲ್ಲಿ ಅತಿ ಎತ್ತರದ್ದು 14 ಅಡಿ. ನಡುವಿನ ಹೊಟ್ಟೆ 16. ಆ 2 ಅಡಿ ಎಲ್ಲಿಂದ ಬಂತು? ನೀವು ಕೇಳಿರಲಿಲ್ಲ. ನಿಮ್ಮ ಗ್ರಾಹಕನೂ ಕೇಳಿರಲಿಲ್ಲ. ಇದೇ ಚೌಕಟ್ಟನ್ನು ಗೇಣುದ್ದದ ತಂತಿಯಲ್ಲಿ ಮಾಡಿ ಸೋಪಿನ ನೀರಿಗೆ ಅದ್ದಿ ತೆಗೆಯಿರಿ. ಅಲ್ಲಿ ನಿಲ್ಲುವ ಪೊರೆಯೂ ನಾಲ್ಕೂ ಅಂಚನ್ನು ಹಿಡಿದಿರುತ್ತದೆ. ಆದರೆ ಸೋಪಿನ ಪೊರೆ ತನ್ನ ತಂತಿಯ ಅತಿ ಎತ್ತರದ ಜಾಗವನ್ನು ಮೀರಿ ಮೇಲೇಳುವುದಿಲ್ಲ. ಅದಕ್ಕೆ ಬೇಕಾದದ್ದು ಕಡಿಮೆ ವಿಸ್ತೀರ್ಣ. ಅಡಿಯ ಲೆಕ್ಕದಲ್ಲಿ ಹೇಳುವುದಾದರೆ ಅದರ ನಡು 14ರ ಒಳಗೇ ಇರುತ್ತದೆ. ಅವೇ ನಾಲ್ಕು ಅಂಚು, ಎರಡು ಬೇರೆ ಬೇರೆ ಮೈ! ಅಂಚು ಹೇಳಿದ ಮಾತ್ರಕ್ಕೆ ನಡು ನಿರ್ಧಾರವಾಗುವುದಿಲ್ಲ ಮಿತ್ರರೇ. ಯಾವುದೋ ಒಂದು ನಿಯಮ ನಡುವೆ ಬಂದು ತೀರ್ಮಾನ ಮಾಡುತ್ತದೆ. ಆ ನಿಯಮ ಯಾವುದೆಂದು ಕೇಳದೆ ನೀವು ಡ್ರಾಯಿಂಗಿಗೆ ಸಹಿ ಹಾಕುತ್ತಿದ್ದೀರಿ. ನಾಳೆ ಒಳಗೆ ಕೂರಬೇಕಾದ ಮೋಟಾರು ಕೂರದಿದ್ದರೆ ಬೈಗುಳ ಸಾಫ್ಟ್‌ವೇರಿಗೆ ಬೀಳುತ್ತದೆಯೋ ನಿಮಗೋ?

ಈಗ ನನ್ನ ಪೆಟ್ಟಿನ ಕಥೆ. ಅಚ್ಚು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಹೊಳಪಿನ ಪ್ಲಾಸ್ಟಿಕ್ ಮುಚ್ಚಳವೊಂದರ ಅಚ್ಚು ಬಂದಿತ್ತು. ಉಬ್ಬಿದ ಮೈಯನ್ನು ಎರಡು ತುಂಡಾಗಿ ಒಡೆದು, ನಡುವೆ ಒಂದೇ ಗೆರೆಯನ್ನು ಎರಡಕ್ಕೂ ಅಂಚಾಗಿ ಕೊಟ್ಟು, ಎರಡು ಸರ್ಫೇಸ್ ತುಂಬಿದೆ. ಕೂದಲೆಳೆಯಷ್ಟೂ ಸಂದಿಲ್ಲ. ತೆರೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿ ನಾನೇ ಬೀಗಿದೆ. ಉಕ್ಕು ಕಡಿದಾಯಿತು, ಪಾಲಿಶ್ ಆಯಿತು, ಮೊದಲ ಮುಚ್ಚಳ ಬಂತು. ನಮ್ಮ ಹಿರಿಯ ಫಿಟ್ಟರ್ ಅದನ್ನು ಕೈಯಲ್ಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿ, “ಏನಪ್ಪಾ, ಟ್ಯೂಬ್‌ಲೈಟ್ ಮುರ್ದೋಗಿದ್ಯಲ್ಲೋ!” ಅಂದರು. ನಿಜ. ಪ್ಲಾಸ್ಟಿಕ್ ಮೇಲೆ ಬಿದ್ದ ಬೆಳಕಿನ ಪಟ್ಟಿ ಸರಿಯಾಗಿ ನನ್ನ ನಡುಗೆರೆಯ ಹತ್ತಿರ ಮುರಿದಿತ್ತು. “ಸಾಫ್ಟ್‌ವೇರ್ ಹಂಗೆ ಮಾಡಿದೆ ಅಣ್ಣಾ” ಅಂದೆ. ಅವರು ನಕ್ಕ ನಗು ಇನ್ನೂ ಮರೆತಿಲ್ಲ. ಎರಡು ತಿಂಗಳ ಓವರ್‌ಟೈಮ್ ದುಡ್ಡು ಹೋಯಿತು.

ಏನಾಗಿತ್ತು? ಎರಡು ಮೈಗಳೂ ಅಂಚಿಗೆ ಮುಟ್ಟಿದ್ದವು, ಅಷ್ಟೇ. ಒಂದು ಈ ಕಡೆಯಿಂದ ಒಂದು ಇಳಿಜಾರಿನಲ್ಲಿ ಬಂದರೆ, ಇನ್ನೊಂದು ಆ ಕಡೆಯಿಂದ ತನಗೆ ತೋಚಿದ ಇಳಿಜಾರಿನಲ್ಲಿ ಬಂದಿತ್ತು. ಕೂನ್ಸ್‌ನ ಸರಳ ಲೆಕ್ಕ ಅಂಚಿನ ಜಾಗವನ್ನು ಮಾತ್ರ ಕೇಳುತ್ತದೆ, ಇಳಿಜಾರನ್ನು ಕೇಳುವುದೇ ಇಲ್ಲ. ಇಳಿಜಾರೂ ಹೊಂದಬೇಕೆಂದರೆ ಅಂಚಿನ ಜೊತೆಗೆ, ಮೈ ಆ ಅಂಚನ್ನು ಯಾವ ದಿಕ್ಕಿನಲ್ಲಿ ದಾಟಬೇಕು ಎಂಬುದನ್ನೂ ಹೇಳಿಕೊಡಬೇಕು. ಅದನ್ನೂ ಕೂನ್ಸ್ ಅದೇ ವರದಿಯಲ್ಲಿ ಬಿಡಿಸಿಟ್ಟಿದ್ದಾನೆ. ಕಾರಿನ ಬಾನೆಟ್ಟಿಗೆ ಅದೂ ಸಾಲದು, ಬಾಗುವ ಪ್ರಮಾಣವೂ ಎರಡೂ ಕಡೆ ಒಂದೇ ಆಗಬೇಕು. ಇಲ್ಲದಿದ್ದರೆ ಹೊಳಪಿನ ಗೆರೆ ಮುರಿಯದಿದ್ದರೂ ಅಲ್ಲಿ ಸೊಟ್ಟ ಬೀಳುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ತುಂಬುವ ಕಮ್ಯಾಂಡ್ ಕೊಟ್ಟಾಗ ಕಾಂಟ್ಯಾಕ್ಟ್, ಟ್ಯಾಂಜೆಂಟ್, ಕರ್ವೇಚರ್ ಎಂದು ಮೂರು ಆಯ್ಕೆ ಬರುತ್ತದಲ್ಲ, ಇದೇ ಆ ಪ್ರಶ್ನೆ. ಕ್ಯಾಟಿಯಾದಲ್ಲೂ ಇದೇ. ಯಂತ್ರ ನಿಮ್ಮನ್ನು ಮರ್ಯಾದೆಯಾಗಿ ಕೇಳುತ್ತಿದೆ, “ಪಕ್ಕದವನ ಜೊತೆ ಹೇಗಿರಬೇಕು ಸ್ವಾಮಿ?” ಎಂದು. ನೀವು ಮೊದಲು ಕಂಡದ್ದನ್ನು ಒತ್ತಿ ಓಕೆ ಅನ್ನುತ್ತೀರಿ. ಮೂರೇ ಅಂಚಿನ ಜಾಗಕ್ಕೆ ನಾಲ್ಕಂಚಿನ ಪ್ಯಾಚ್ ಹೊದಿಸುವವರ ಕಥೆಯೂ ಹೀಗೇ. ಒಂದು ಅಂಚು ಕುಗ್ಗಿ ಚುಕ್ಕೆಯಾಗಿ, ಗೆರೆಗಳೆಲ್ಲ ಅಲ್ಲಿ ಬಂದು ಗುಂಪಾಗಿ, ಆ ಮೂಲೆಯಲ್ಲಿ ಮೈ ಸುಕ್ಕುಗಟ್ಟಿದರೆ ಆಶ್ಚರ್ಯವೇನಿದೆ?

ಇಷ್ಟು ಹೇಳಲು ನನಗೆ ಒಂದು ಕಾಲೇಜು ಬೇಕಾಯಿತೇ? ಆ ಫಿಟ್ಟರಣ್ಣ ಎರಡು ಉಕ್ಕಿನ ಸ್ಕೇಲನ್ನು ಬಗ್ಗಿಸಿ ತುದಿಗೆ ತುದಿ ಹಿಡಿದು, ಒಮ್ಮೆ ಮುರಿದಂತೆ, ಒಮ್ಮೆ ಹರಿದಂತೆ ತೋರಿಸಿ, ಅಚ್ಚ ಕನ್ನಡದಲ್ಲಿ ಐದು ನಿಮಿಷದಲ್ಲಿ ಮುಗಿಸಿದ್ದರು. ಸಾವಿರಾರು ರೂಪಾಯಿ ಎಣಿಸಿಕೊಂಡ ನನ್ನ ತರಬೇತಿ ಕೇಂದ್ರ ಕಲಿಸಿದ್ದು ಯಾವ ಐಕಾನ್ ಎಲ್ಲಿದೆ ಎಂಬುದನ್ನು. ಕಂಪನಿ ಬೇರೆ ಸಾಫ್ಟ್‌ವೇರ್ ಕೊಂಡ ದಿನ ಆ ವಿದ್ಯೆ ಕಸದಬುಟ್ಟಿಗೆ ಹೋಯಿತು. 1967ರ ಕೂಡುವ ಕಳೆಯುವ ಲೆಕ್ಕ ಮಾತ್ರ ಹೊಸ ಸಾಫ್ಟ್‌ವೇರಿನಲ್ಲೂ ಕೆಲಸಕ್ಕೆ ಬಂತು.

ವಿದ್ಯೆಯನ್ನು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಇದೇ ಕಸುಬಿನಲ್ಲಿ ಒಂದು ಕಥೆಯಿದೆ. ಕ್ಯಾಡ್‌ನಲ್ಲಿ ನೀವು ದಿನಾ ಎಳೆಯುವ ಬೆಜಿಯೇ ಕರ್ವ್ ಇದೆಯಲ್ಲ, ಅದರ ದಾರಿಯನ್ನು ಫ್ರಾನ್ಸಿನ ಸಿತ್ರೋಎನ್ ಕಾರು ಕಂಪನಿಯಲ್ಲಿ ಪಾಲ್ ದ ಕಾಸ್ತೆಲ್ಜೋ ಎಂಬಾತ 1959ರಲ್ಲೇ ಕಂಡುಕೊಂಡಿದ್ದ. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪನಿಯ ಪಿಯರ್ ಬೆಜಿಯೇ ತಾನಾಗಿ ಅದನ್ನೇ ಕಂಡು, ಬರೆದು ಪ್ರಕಟಿಸಿದ. ಕರ್ವ್‌ಗೆ ಅವನ ಹೆಸರು ನಿಂತಿತು. 2012ರಲ್ಲಿ ಕಾಸ್ತೆಲ್ಜೋಗೆ ಒಂದು ದೊಡ್ಡ ಗೌರವ ಸಿಕ್ಕಿತು. ಆ ಪ್ರಶಸ್ತಿಯ ಹೆಸರೇ ಬೆಜಿಯೇ ಪ್ರಶಸ್ತಿ! ಪಾಪ, 2022ರಲ್ಲಿ ತೀರಿಕೊಂಡ. ಕೂನ್ಸ್‌ನದು ಬಚ್ಚಿಟ್ಟ ವಿದ್ಯೆಯಲ್ಲ, ಬರೆದು ಹಂಚಿದ ವಿದ್ಯೆ. ಅದು ನಿಮ್ಮ ಶೆಡ್ಡಿನವರೆಗೆ ಬಂದು ನಿಂತಿದೆ. ತೆರೆದು ನೋಡಲು ನಿಮಗೆ ಏನು ಅಡ್ಡಿ?

ಈ ಭಾನುವಾರ ಒಂದು ರಟ್ಟಿನ ಡಬ್ಬ ತನ್ನಿ. ನಾಲ್ಕು ಬದಿಯ ಮೇಲಂಚನ್ನು ಕಮಾನಾಗಿ ಕತ್ತರಿಸಿ. ಸೂಜಿಯಲ್ಲಿ ತೂತು ಮಾಡಿ ಒಂದು ದಿಕ್ಕಿಗೆ ಕೆಂಪು ದಾರ ಕಟ್ಟಿ ನಡುವಿನ ಎತ್ತರ ಅಳೆದು ಬರೆದುಕೊಳ್ಳಿ. ಬಿಚ್ಚಿ, ಇನ್ನೊಂದು ದಿಕ್ಕಿಗೆ ಕಟ್ಟಿ ಅಳೆಯಿರಿ. ಕೂಡಿಸಿ, ಮೂಲೆಗಳ ಸರಾಸರಿ ಕಳೆಯಿರಿ. ಆಮೇಲೆ ಅವೇ ನಾಲ್ಕು ಗೆರೆಗಳನ್ನು ಕಂಪ್ಯೂಟರಿನಲ್ಲಿ ಎಳೆದು ಎಡ್ಜ್‌ಸರ್ಫ್ ಕೊಟ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಅದು ಮುಗಿದ ಮೇಲೆ ನಮ್ಮ ಶಾಮಿಯಾನಕ್ಕೆ ವಾಪಸು ಬನ್ನಿ. ಒಂದು ಕಂಬವನ್ನು 10ರಿಂದ 8 ಅಡಿಗೆ ತಗ್ಗಿಸಿ. ನಾಲ್ಕೂ ಪೈಪುಗಳ ನಡುವಿನ ಎತ್ತರ ಮೊದಲಿನಷ್ಟೇ ಇರಲಿ. ಶಾಮಿಯಾನದ ನಡು ಕೊಂಚ ಇಳಿಯುತ್ತದೆ ಎಂದು ನಿಮ್ಮ ಮನಸ್ಸು ಹೇಳುತ್ತದೆ. ಕೂನ್ಸ್‌ನ ಲೆಕ್ಕ ಹದಿನಾರೂವರೆ ಎನ್ನುತ್ತದೆ. ಯಾಕೆ ಏರಿತು ಎಂದು ಸೋಮವಾರ ಪಕ್ಕದ ಸೀಟಿನವರಿಗೆ ವಿವರಿಸಿ.