ಗಣಕಯಂತ್ರವೂ ಕಟ್ಟಡದ ವಿದ್ಯುತ್ತಿನ ಲೆಕ್ಕವೂ

ಹಲಗೆಯ ಮೇಲೆ ಕಾಗದ ಹಾಸಿ ಕಟ್ಟಡದ ನಕ್ಷೆಯನ್ನು ಕೈಯಿಂದ ಬರೆಯುವ ಪದ್ಧತಿ ಈಗ ಬಹುಮಟ್ಟಿಗೆ ಮರೆಯಾಗಿದೆ. ರೆವಿಟ್‌ನಂತಹ ತಂತ್ರಾಂಶದಲ್ಲಿ ನಕ್ಷೆ ಬೆಳೆಯುತ್ತಿರುವಾಗಲೇ ಅದರ ವಿದ್ಯುತ್ ಹೊರೆಯ ಮೊತ್ತವೂ ಸಿದ್ಧವಾಗುತ್ತದೆ. ತಂತಿಯ ಗಾತ್ರವನ್ನೂ ದೋಷಪ್ರವಾಹವನ್ನೂ ಲೆಕ್ಕಮಾಡಿಕೊಡುವ ಇಟ್ಯಾಪ್ ಮೊದಲಾದವೂ ಇವೆ. ಇವನ್ನು ಕಂಡ ವಿದ್ಯಾರ್ಥಿಗಳು, “ಯಂತ್ರವೇ ಲೆಕ್ಕ ಮಾಡುವಾಗ ಓಮನ ನಿಯಮವನ್ನೂ ಜೌಲನ ನಿಯಮವನ್ನೂ ನಾವೇಕೆ ಕಲಿಯಬೇಕು?” ಎಂದು ಕೇಳುವುದುಂಟು. ಪ್ರಶ್ನೆ ಸಹಜವಾದುದೇ. ಆದರೆ ಯಂತ್ರ ಬಂದ ಮೇಲೆ ಆ ನಿಯಮಗಳ ಆವಶ್ಯಕತೆ ಹೆಚ್ಚಿದೆಯೇ ಹೊರತು ಕಡಮೆಯಾಗಿಲ್ಲವೆಂಬುದು ನಮ್ಮ ಅಭಿಪ್ರಾಯ.

ಯಂತ್ರದ ಉಪಕಾರವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ದೊಡ್ಡ ಆಸ್ಪತ್ರೆಯೊಂದರ ನೂರಾರು ಕೊಠಡಿಗಳ ಹೊರೆಯನ್ನು ಕೂಡುತ್ತಾ ಹೋದರೆ ಮನುಷ್ಯನು ಬೇಸತ್ತು ತಪ್ಪು ಮಾಡುವನು, ಗಣಕಯಂತ್ರಕ್ಕೆ ಬೇಸರವೆಂಬುದಿಲ್ಲ. ಆದರೆ ಅದು ಕೂಡುವುದು ನಾವು ಕೊಟ್ಟ ಅಂಕಿಗಳನ್ನು. ನಾವು ಕೊಡದ ಕಡೆ, ತಂತ್ರಾಂಶವನ್ನು ರಚಿಸಿದವರು ಮೊದಲೇ ಇಟ್ಟಿರುವ ಅಂಕಿಗಳನ್ನು. ಅಪಾಯವು ಅಡಗಿರುವುದು ಇಲ್ಲಿಯೇ.

ಒಂದು ಮನೆಯನ್ನು ತೆಗೆದುಕೊಳ್ಳೋಣ. ತಲಾ ೨೦೦೦ ವಾಟಿನ ಎರಡು ಗೀಸರ್, ೨೦೦೦ ವಾಟಿನ ಇಂಡಕ್ಷನ್ ಒಲೆ, ೧೫೦೦ ವಾಟಿನ ಏ.ಸಿ., ೧೦೦೦ ವಾಟಿನ ಇಸ್ತ್ರಿಪೆಟ್ಟಿಗೆ, ದೀಪ ಫ್ಯಾನು ಫ್ರಿಜ್ಜುಗಳಿಗೆ ೭೦೦ ವಾಟ್; ಒಟ್ಟು ೯೨೦೦ ವಾಟ್. ನಮ್ಮ ದೇಶದ ಮನೆಗಳಿಗೆ ಬರುವ ೨೩೦ ವೋಲ್ಟಿನಿಂದ ಇದನ್ನು ಭಾಗಿಸಿದರೆ ೪೦ ಆಂಪಿಯರ್ ಆಗುವುದು. ಎಲ್ಲ ಉಪಕರಣಗಳೂ ಏಕಕಾಲದಲ್ಲಿ ನಡೆಯುವುದಿಲ್ಲವಾದುದರಿಂದ ಒಟ್ಟು ಹೊರೆಯಲ್ಲಿ ಒಂದು ಅಂಶವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುವರು. ಇದಕ್ಕೆ ಡಿಮ್ಯಾಂಡ್ ಫ್ಯಾಕ್ಟರ್ ಎಂದು ಹೆಸರು. ಅದನ್ನು ಅರ್ಧವೆಂದು ಇಟ್ಟರೆ ಯಂತ್ರವು ೨೦ ಆಂಪಿಯರ್ ಎಂದು ಉತ್ತರ ಕೊಡುವುದು. ತಂತಿಯನ್ನೂ ಅಷ್ಟಕ್ಕೇ ಆರಿಸುವುದು. ಆದರೆ ಮಾಗಿಯ ಮುಂಜಾನೆ ಏ.ಸಿ.ಯೊಂದನ್ನು ಬಿಟ್ಟು ಉಳಿದುವೆಲ್ಲ ಒಟ್ಟಿಗೆ ನಡೆದರೆ ಹರಿಯುವ ಪ್ರವಾಹ ಸುಮಾರು ೩೩.೫ ಆಂಪಿಯರ್. ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವೆಂದು ೧೮೪೧ರಲ್ಲಿಯೇ ಜೌಲನು ತೋರಿಸಿದ್ದಾನೆ. ಅಂದಮೇಲೆ ತಂತಿಯಲ್ಲಿ ಹುಟ್ಟುವ ಉಷ್ಣವು ಲೆಕ್ಕ ಹಾಕಿದುದರ ಸುಮಾರು ೨.೮ ಪಟ್ಟು!

ಆಗ ಎಂ.ಸಿ.ಬಿ. ಪ್ರವಾಹವನ್ನು ಕಡಿದುಹಾಕುವುದು, ಅದು ಅದರ ಕರ್ತವ್ಯ. ದಿನವೂ ಹೀಗಾಗುವುದರಿಂದ ಬೇಸತ್ತ ಮನೆಯವರು ೨೦ ಆಂಪಿಯರಿನದನ್ನು ತೆಗೆಸಿ ೪೦ ಆಂಪಿಯರಿನದನ್ನು ಹಾಕಿಸಿದರೆನ್ನಿ. ಅಂದಿನಿಂದ ಗೋಡೆಯೊಳಗಿನ ತಂತಿಗೆ ಕಾವಲಿಲ್ಲ. ಹೊರೆಯ ಪ್ರವಾಹಕ್ಕಿಂತ ಎಂ.ಸಿ.ಬಿ.ಯ ಮಿತಿ ಕಡಮೆಯಿರಬಾರದು, ಎಂ.ಸಿ.ಬಿ.ಯ ಮಿತಿಗಿಂತ ತಂತಿಯ ಶಕ್ತಿ ಕಡಮೆಯಿರಬಾರದು. ಈ ಒಂದು ಸೂತ್ರವನ್ನು ಮರೆತರೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆಯೇ.

ಇನ್ನು ಸುತ್ತಲಿನ ಉಷ್ಣತೆಯ ವಿಷಯ. ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಕೋಷ್ಟಕಗಳು, ತಂತಿಯ ಸುತ್ತಲಿನ ಗಾಳಿ ೩೦ ಡಿಗ್ರಿ ಸೆಲ್ಸಿಯಸ್ ಇರುವುದೆಂದು ಇಟ್ಟುಕೊಂಡು ಅದರ ಶಕ್ತಿಯನ್ನು ಹೇಳುತ್ತವೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಕಾದ ತಾರಸಿಯ ಅಡಿಯಲ್ಲಿ ೪೫ ಡಿಗ್ರಿ ಅಸಂಭವವೇನಲ್ಲ. ಪಿ.ವಿ.ಸಿ. ಹೊದಿಕೆಯ ತಂತಿಯು ೭೦ ಡಿಗ್ರಿಯನ್ನು ಮೀರಬಾರದು. ಹೊರಕ್ಕೆ ಹೋಗುವ ಉಷ್ಣವು ಉಷ್ಣತೆಯ ಅಂತರಕ್ಕೆ ಅನುಗುಣವೆಂದು ನ್ಯೂಟನ್ನನ ನಿಯಮ ಹೇಳುತ್ತದೆ. ಮೊದಲಿದ್ದ ಅಂತರ ೪೦ ಡಿಗ್ರಿ. ಈಗ ಉಳಿದುದು ೨೫. ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ೨೫ನ್ನು ೪೦ರಿಂದ ಭಾಗಿಸಿ ವರ್ಗಮೂಲ ತೆಗೆದರೆ ೦.೭೯ ಬರುವುದು. ಆಯೋಗದ ಕೋಷ್ಟಕದಲ್ಲಿರುವ ಅಂಕಿಯೂ ಇದೇ! ೨೦ ಆಂಪಿಯರಿನ ತಂತಿ ಅಲ್ಲಿ ೧೬ಕ್ಕೂ ಸಾಲದು. ಪ್ರೌಢಶಾಲೆಯ ಎರಡು ನಿಯಮಗಳಿಂದ ಎಂಜಿನಿಯರುಗಳ ಕೋಷ್ಟಕವೊಂದನ್ನು ಪರೀಕ್ಷಿಸಬಹುದೆಂಬುದನ್ನು ವಾಚಕರು ಗಮನಿಸಬೇಕು.

ಪ್ರಾಣಕ್ಕೆ ನೇರವಾಗಿ ಸಂಬಂಧಿಸಿದುದು ಭೂಸಂಪರ್ಕ. ಗೀಸರಿನ ಲೋಹದ ಮೈಗೆ ವಿದ್ಯುತ್ತು ತಗುಲಿತೆಂದು ಭಾವಿಸೋಣ. ಭೂಸಂಪರ್ಕದ ದಾರಿಯ ಒಟ್ಟು ರೋಧ ೧೦ ಓಮ್ ಆದರೆ ಹರಿಯುವ ಪ್ರವಾಹ ೨೩ ಆಂಪಿಯರ್. ೨೦ ಆಂಪಿಯರಿನ ಎಂ.ಸಿ.ಬಿ. ಕ್ಷಣದಲ್ಲಿ ಕಡಿಯಬೇಕಾದರೆ ಸಾಮಾನ್ಯವಾಗಿ ಅದರ ೩ ಪಟ್ಟಿಗಿಂತಲೂ ಹೆಚ್ಚು ಪ್ರವಾಹ ಬೇಕು. ಆದುದರಿಂದ ಅದು ಸುಮ್ಮನಿರುವುದು. ಮುಟ್ಟಿದವನು ಅಪಾಯಕ್ಕೆ ಸಿಲುಕುವನು. ಹೋಗುವ ಹಾಗೂ ಮರಳುವ ಪ್ರವಾಹಗಳನ್ನು ಹೋಲಿಸಿ, ೦.೦೩ ಆಂಪಿಯರಿನಷ್ಟು ವ್ಯತ್ಯಾಸ ಕಂಡೊಡನೆ ಕಡಿಯುವ ಆರ್.ಸಿ.ಸಿ.ಬಿ. ಬೇಕಾಗುವುದು ಇದಕ್ಕಾಗಿಯೇ. ಭೂಸಂಪರ್ಕದ ರೋಧವನ್ನು ತಂತ್ರಾಂಶವು ನಮ್ಮಿಂದಲೇ ಕೇಳಿ ಪಡೆಯುವುದು. ಬೇಸಗೆಯಲ್ಲಿ ಮಣ್ಣು ಒಣಗಿದಂತೆ ಅದು ಏರುತ್ತದೆ. ಸ್ಥಳಕ್ಕೆ ಹೋಗಿ ಅಳೆಯದೆ ತುಂಬಿದ ಅಂಕಿಯಿಂದ ಬಂದ ಉತ್ತರವನ್ನು ನಂಬುವುದು ಹೇಗೆ?

ಉಷ್ಣತೆ, ಬಳಕೆಯ ಅಂಶ, ರೋಧ ಇವನ್ನೆಲ್ಲ ತುಂಬಲು ತಂತ್ರಾಂಶಗಳಲ್ಲಿಯೇ ಅವಕಾಶವಿದೆಯಲ್ಲವೇ ಎಂದು ಕೆಲವರು ಹೇಳಬಹುದು. ಅವಕಾಶವಿರುವುದು ನಿಜ. ಆದರೆ ಯಾವುದನ್ನು ಏಕೆ ತುಂಬಬೇಕೆಂದು ಬಲ್ಲವನಿಗೆ ಮಾತ್ರ ಅದರಿಂದ ಪ್ರಯೋಜನ.

ಆದುದರಿಂದ ನಮ್ಮ ಸಲಹೆ ಇಷ್ಟೆ. ಪಾಲಿಟೆಕ್ನಿಕ್ ಮತ್ತು ಕಾಲೇಜುಗಳಲ್ಲಿ ತಂತ್ರಾಂಶವನ್ನು ಕಲಿಸುವ ಮುನ್ನ ಒಂದು ಸಣ್ಣ ಕಟ್ಟಡದ ಲೆಕ್ಕವನ್ನು ಕೈಯಿಂದ ಮಾಡಿಸಬೇಕು. ತಂತಿಜೋಡಣೆಗೆ ಸಂಬಂಧಿಸಿದ ಐ.ಎಸ್. ೭೩೨, ಭೂಸಂಪರ್ಕಕ್ಕೆ ಸಂಬಂಧಿಸಿದ ಐ.ಎಸ್. ೩೦೪೩ ಎಂಬ ಭಾರತೀಯ ಮಾನಕಗಳನ್ನು ವಿದ್ಯಾರ್ಥಿಗಳು ಓದಬೇಕು. ಯಂತ್ರದ ಉತ್ತರ ಕೈಲೆಕ್ಕಕ್ಕಿಂತ ಬಹಳ ದೂರವಿದ್ದರೆ ಕಾರಣ ಹುಡುಕದೆ ಮುಂದಕ್ಕೆ ಹೋಗಬಾರದು.

ಪ್ರೌಢಶಾಲೆಯ ವಾಚಕರು ಇಂದೇ ಆರಂಭಿಸಬಹುದು. ಮನೆಯ ಉಪಕರಣಗಳ ಮೇಲೆ ಬರೆದಿರುವ ವಾಟುಗಳನ್ನು ಪಟ್ಟಿ ಮಾಡಿ, ಒಟ್ಟಿಗೆ ನಡೆಯುವವನ್ನು ಕೂಡಿ, ೨೩೦ರಿಂದ ಭಾಗಿಸಿ, ಎಂ.ಸಿ.ಬಿ.ಯ ಮೇಲಿನ ಅಂಕಿಯೊಡನೆ ಹೋಲಿಸಿ ನೋಡಿರಿ. ಪೆಟ್ಟಿಗೆಯನ್ನು ಬಿಚ್ಚುವ ಕೆಲಸ ಮಾತ್ರ ನಿಮ್ಮದಲ್ಲ. ಅಂಕಿಗಳು ಹೊಂದದಿದ್ದರೆ ಹಿರಿಯರಿಗೆ ತಿಳಿಸಿ, ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರನ್ನು ಕರೆಸಿರಿ.