ಬೋಳುಗುಡ್ಡಗಳ ಹಕ್ಕಿಗಳು

ಮಸ್ಕಿ, ಲಿಂಗಸುಗೂರು, ಸಿಂಧನೂರು ತಾಲ್ಲೂಕುಗಳ ಸೀಮೆಯು ಮಳೆಗೆ ಬಡವಾದುದು. ವರ್ಷಕ್ಕೆ ೬೦೦ ಮಿಲಿಮೀಟರಿನ ಆಚೀಚೆ ಬೀಳುವ ಮಳೆಯನ್ನೇ ನಂಬಿ ಇಲ್ಲಿಯ ಖುಷ್ಕಿ ಬೇಸಾಯವು ನಡೆದು ಬಂದಿದೆ. ಪಾಮನಕಲ್ಲೂರಂತೂ ತನ್ನ ಹೆಸರಿನಲ್ಲಿಯೇ ಕಲ್ಲನ್ನು ಹೊತ್ತ ಊರು. ಈ ಸೀಮೆಯ ಕಲ್ಲುಗುಡ್ಡಗಳನ್ನೂ ಹುಲ್ಲುಬಯಲುಗಳನ್ನೂ ಕಂದಾಯದ ದಫ್ತರಗಳು ‘ಖರಾಬು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ಬೆಳೆ ಬಾರದ ನೆಲವೆಲ್ಲ ಖರಾಬೆಂಬ ಲೆಕ್ಕವು ತೀರ್ವೆಯ ಮಟ್ಟಿಗೆ ಸರಿಯಾದೀತು. ನಾಡಿನ ಸಂಪತ್ತಿನ ಲೆಕ್ಕಕ್ಕೆ ಅದು ಎಂದಿಗೂ ಸರಿಯಾಗದೆಂಬುದು ನಮ್ಮ ಸ್ಪಷ್ಟವಾದ ಮತ.

ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿಯೊಂದುಂಟು. ದಕ್ಷಿಣ ಭಾರತದ ಒಣ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಅದಕ್ಕೆ ನೆಲೆಯಿಲ್ಲ. ಬಂಡೆಗಳ ಸಂದಿನ ಕುರುಚಲು ಗಿಡಗಳಲ್ಲಿ ಅದರ ಬಾಳು. ಹೊಸಪೇಟೆಯ ಬಳಿಯ ದರೋಜಿ ಕರಡಿಧಾಮದ ಗುಡ್ಡಗಳಲ್ಲಿ ಅದನ್ನು ನೋಡಲೆಂದೇ ದೂರದೂರದಿಂದ ಜನರು ಬರುತ್ತಾರೆ. ಕೊಂಬಿನ ಗೂಬೆಯು ಮೊಟ್ಟೆಯಿಡುವದು ಇಂಥ ಬಂಡೆಯ ಚಾಚಿನ ಮೇಲೆಯೇ. ಗುಡ್ಡದ ಕೆಳಗಿನ ಹುಲ್ಲಿನಲ್ಲಿ ಕೌಜುಗ, ಲಾವುಗೆಗಳುಂಟು. ಚಳಿಗಾಲ ಬಂದಿತೆಂದರೆ ಮಧ್ಯ ಏಷ್ಯಾದ ಬಯಲುಗಳಿಂದ ಸೆಳೆವವೆಂಬ ಗಿಡುಗಗಳು ದಖ್ಖನಿನ ಹುಲ್ಲುಗಾವಲುಗಳಿಗೆ ಇಳಿದು, ಮಿಡತೆಗಳನ್ನು ತಿಂದು, ಕೂಲಿ ಕೇಳದೆ ರೈತನ ಕೆಲಸ ಮಾಡಿ ಹೋಗುತ್ತವೆ. ಖರಾಬು ನೆಲದ ಹುಟ್ಟುವಳಿ ಇದು.

ಕಾಡನ್ನು ಕಡಿದರೆ ಮತ್ತೆ ಬೆಳೆಸುವೆವೆಂದು ಹೇಳಿಕೊಳ್ಳಲಾದರೂ ಬರುತ್ತದೆ. ಜಲ್ಲಿಯಾಗಿ ಹೋದ ಗುಡ್ಡವನ್ನು ಮರಳಿ ತರುವ ಇಲಾಖೆ ಯಾವದೂ ಇಲ್ಲ. ರಸ್ತೆಗೂ ಮನೆಗೂ ಕಲ್ಲು ಬೇಡವೆಂದು ನಾವು ಹೇಳುವವರಲ್ಲ. ಯಾವ ಗುಡ್ಡದ ಕಲ್ಲು ಎಂಬುದನ್ನು ನೋಡಿ ತೆಗೆಯಿರೆಂದು ಮಾತ್ರ ಹೇಳುತ್ತೇವೆ.

ತಡವಾದರೆ ಏನಾಗುವದೆಂಬುದಕ್ಕೆ ದೃಷ್ಟಾಂತಗಳು ನಮ್ಮ ನಾಡಿನಲ್ಲಿಯೇ ಇವೆ. ರಾಮದೇವರ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಸಾರಲಾಯಿತು. ಒಳ್ಳೆಯ ಕೆಲಸವೇ. ಆದರೆ ಅಷ್ಟರೊಳಗೆ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧದ ದೆಸೆಯಿಂದ ದೇಶದ ಉದ್ದಕೊಕ್ಕಿನ ರಣಹದ್ದುಗಳಲ್ಲಿ ನೂರಕ್ಕೆ ೯೫ಕ್ಕೂ ಮಿಕ್ಕಿ ಅಳಿದುಹೋಗಿದ್ದವು. ಆ ಔಷಧವನ್ನು ೨೦೦೬ರಲ್ಲಿ ನಿಷೇಧಿಸಿದ್ದರೂ ಹೋದ ಹಕ್ಕಿಗಳು ಬರಲಿಲ್ಲ. ಸಿಂಧನೂರಿನ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಸಿರುಗುಪ್ಪದ ಸೀಮೆ. ಅಲ್ಲಿ ಎರೆಭೂತವೆಂಬ ಮಹಾಪಕ್ಷಿಯ ಕೆಲವೇ ತಲೆಗಳು ಕಂಡುಬಂದಿವೆ. ಇಡೀ ದೇಶದ ಬಯಲುಗಳಲ್ಲಿ ಉಳಿದಿರುವವು ೧೫೦ರ ಸುಮಾರು. ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿಯೇ ಅಭಯಾರಣ್ಯವಾಯಿತು. ಆದರೆ ಅದರ ಹುಲ್ಲುಗಾವಲಿನಲ್ಲಿ ನೀಲಗಿರಿ ಮರಗಳನ್ನು ಬೆಳೆಸಿದ್ದರಿಂದ ಬಯಲಿನ ಹಕ್ಕಿಗೆ ಬಯಲೇ ಇಲ್ಲದಂತಾಯಿತು. ಎಲ್ಲಿ ಕಂಡರಲ್ಲಿ ಸಸಿ ನೆಟ್ಟು ಚಿತ್ರ ತೆಗೆಯಿಸಿಕೊಳ್ಳುವ ಮಹನೀಯರು ಇದನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ನೀರಿನ ಪ್ರಶ್ನೆ. ನಾರಾಯಣಪುರ ಬಲದಂಡೆಯ ೫ಎ ಕಾಲುವೆಗಾಗಿ ೨೦೨೦ರ ನವೆಂಬರಿನಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಹೂಡಿದ ರೈತರು ನೂರು ದಿನಕ್ಕೂ ಮಿಕ್ಕಿ ಕುಳಿತಿದ್ದನ್ನು ವಾಚಕರು ಮರೆತಿರಲಾರರು. ತುಂಗಭದ್ರೆಯ ಎಡದಂಡೆಯ ನೀರಿನಿಂದ ಸಿಂಧನೂರು ಭತ್ತದ ನಾಡಾದುದನ್ನು ಕಣ್ಣಾರೆ ಕಂಡವರು ತಮ್ಮ ಹೊಲಕ್ಕೂ ನೀರು ಕೇಳಿದರೆ ತಪ್ಪೇನು? ಹಕ್ಕಿಯ ಹೆಸರಿನಲ್ಲಿ ಅವರಿಗೆ ನೀರು ತಪ್ಪಿಸುವ ವಾದಕ್ಕೆ ನಮ್ಮ ಸಮ್ಮತಿಯಿಲ್ಲ. ಕಾಲುವೆಯ ನೀರು ಹರಿಯುವದು ಹೊಲಕ್ಕೆ, ಬಂಡೆಗುಡ್ಡದ ನೆತ್ತಿಗಲ್ಲ. ಆದುದರಿಂದ ಹೊಲಕ್ಕೆ ನೀರನ್ನೂ ಗುಡ್ಡಕ್ಕೆ ರಕ್ಷಣೆಯನ್ನೂ ಒಟ್ಟಿಗೆ ಕೇಳುವದರಲ್ಲಿ ವಿರೋಧವೇನೂ ಇಲ್ಲ. ನೀರು ಬಂದಮೇಲೆ ನೆಲದ ಬೆಲೆ ಏರುವದು, ಉಳಿದ ಹುಲ್ಲುಬಯಲಿನ ಮೇಲೆ ಎಲ್ಲರ ಕಣ್ಣು ಬೀಳುವದು; ಗಡಿಯನ್ನು ಗುರುತಿಸುವ ಕಾಲವು ಅದಕ್ಕೆ ಮುಂಚಿನದು.

ಇದೇ ಮಸ್ಕಿಯ ಬಂಡೆಯಲ್ಲಿ ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು ಕಂಡ ಶಾಸನದಿಂದಲೇ ‘ದೇವಾನಾಂಪ್ರಿಯ’ನು ಅಶೋಕನೆಂಬುದು ಖಚಿತವಾಯಿತು. ಆ ದೊರೆಯು ತನ್ನ ಐದನೆಯ ಸ್ತಂಭಶಾಸನದಲ್ಲಿ ಗಿಣಿ, ಗೊರವಂಕ, ಚಕ್ರವಾಕ, ಹಂಸಗಳನ್ನು ಕೊಲ್ಲಬಾರದೆಂದು ಹೆಸರು ಹಿಡಿದು ಕಟ್ಟಪ್ಪಣೆ ಮಾಡಿ, ಕಾರಣವಿಲ್ಲದೆ ಕಾಡಿಗೆ ಬೆಂಕಿಯಿಡಬಾರದೆಂದೂ ಬರೆಯಿಸಿದನು. ಅವನ ಹೆಸರನ್ನು ಜಗತ್ತಿಗೆ ಉಳಿಸಿಕೊಟ್ಟದ್ದೇ ನಮ್ಮ ಕಲ್ಲು. ಅದೇ ಸೀಮೆಯ ಕಲ್ಲಿಗೆ ಇಂದು ಘನಮೀಟರಿನ ಬೆಲೆಯೊಂದೇ ಉಳಿಯುವದು ನಮಗೆ ಮಾನವಲ್ಲ.

ದಾರಿಯು ಕಾನೂನಿನಲ್ಲಿಯೇ ಇದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೨೦೦೨ರಲ್ಲಿ ತಂದ ತಿದ್ದುಪಡಿಯ ಮೇರೆಗೆ ಸರ್ಕಾರದವರು ಊರವರೊಡನೆ ಸಮಾಲೋಚಿಸಿ ಸರ್ಕಾರಿ ಜಮೀನನ್ನು ‘ಸಂರಕ್ಷಣಾ ಮೀಸಲು’ ಎಂದು ಸಾರಬಹುದು. ಅದರ ಸಮಿತಿಯಲ್ಲಿ ಗ್ರಾಮ ಪಂಚಾಯತಿಗಳಿಗೆ ಸ್ಥಾನವುಂಟು. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರದ ಕೆರೆಯು ೨೦೧೭ರಲ್ಲಿ ಹೀಗೆಯೇ ಪಕ್ಷಿಗಳ ಮೀಸಲಾಗಿ, ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಲೋಕವಿಖ್ಯಾತವಾಯಿತು. ಕೆರೆಗೆ ಸಂದ ನ್ಯಾಯವು ಗುಡ್ಡಕ್ಕೇಕೆ ಸಲ್ಲಬಾರದು? ರಾಯಚೂರಿನ ಜಿಲ್ಲಾಧಿಕಾರಿಗಳೂ ಅರಣ್ಯ ಇಲಾಖೆಯವರೂ ಈ ಮೂರು ತಾಲ್ಲೂಕುಗಳ ಗುಡ್ಡಬಯಲುಗಳಲ್ಲಿ ಎರಡು ಋತುಗಳ ಪಕ್ಷಿಗಣತಿಯನ್ನು ಮಾಡಿಸಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಅದರ ವೆಚ್ಚವನ್ನು ಹೊರಲಿ. ಗಣತಿ ಮುಗಿಯುವ ವರೆಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು ಈ ಗುಡ್ಡಗಳಲ್ಲಿ ಹೊಸ ಕಲ್ಲುಗಣಿಗೆ ಪರವಾನಗಿಯನ್ನು ಕೊಡದಿರಲಿ.